ಹಳೆ ಮನೆ ಕೊಳ್ಳುವವರಿಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಹೊತ್ತಿನಲ್ಲಿ ಸಹಕಾರ ತತ್ವದ ಬಗ್ಗೆ ಮಾತಾಡಬೇಕು ಎಂದು ನಮಗೆ ಮೊದಲು ಹೇಳಿದ್ದರು. ಆದರೆ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಲ್ಲಿಂದ ಹೊರಟು ನಮ್ಮೂರಿನ ತನಕ ಬರುವ ಕೆಲಸವನ್ನು ಬೆಳಗಿನಿಂದ ಮಾತಾಡಿದ ಹಿರಿಯರು ಚೆನ್ನಾಗಿಯೇ ಮಾಡಿ ಮುಗಿಸಿದ್ದಾರೆ. ಊಟದ ಹೊತ್ತೂ ಹತ್ತಿರ ಬಂದಿದೆ. ಆದ್ದರಿಂದ ನಾವು ಒಂದು ಮನೆವಾರ್ತೆಯ ವಿಷಯ ಹಿಡಿದುಕೊಂಡಿದ್ದೇವೆ. ಹಳೆ ಮನೆ ಕೊಳ್ಳುವಾಗ ಏನು ನೋಡಬೇಕು, ರಿಪೇರಿ ಖರ್ಚಿನ ಮಾತು ಹೇಗೆ ಆಡಬೇಕು ಎಂಬುದು. ಸಾಲದ ಅರ್ಜಿ ಬಂದಾಗ ಸ್ಥಳ ನೋಡಿ ಬರುವ ಕೆಲಸ ನಮ್ಮ ಪಾಲಿಗೆ ಬಂದದ್ದರಿಂದ ಹೊರನಾಡು, ಕಳಸ, ಬಾಳೆಹೊಳೆ ಕಡೆಯ ಎಷ್ಟೋ ಮನೆಗಳ ಅಟ್ಟ ಹತ್ತಿ ಇಳಿದಿದ್ದೇವೆ. ಅಲ್ಲಿ ಕಂಡದ್ದನ್ನು ಹೇಳ್ತೇವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದರು. ಕಟ್ಟಿದ ಮನೆ ಕೊಂಡು ನೋಡು ಅಂತ ಹೇಳಲಿಲ್ಲ. ಆಗ ಮನೆ ಮಾರುವವರೇ ಕಡಿಮೆ, ಮಾರಿದರೆ ಅದೊಂದು ಅವಮಾನದ ಸಂಗತಿ. ಈಗ ಕಾಲ ಬೇರೆ. ಮಕ್ಕಳು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಕೆಲವರು ಅಮೆರಿಕದಲ್ಲಿ. ಇಲ್ಲಿ ಎಂಟು ಅಂಕಣದ ಮನೆಯಲ್ಲಿ ಇಬ್ಬರು ಮುದುಕರು. ಅವರು ಮಕ್ಕಳ ಹತ್ತಿರ ಹೊರಟರು ಅಂದರೆ ಮನೆ ಮಾರಾಟಕ್ಕೆ ಬಂತು. ಕೊಳ್ಳುವವರು ಯಾರು? ಹೋಂಸ್ಟೇ ಮಾಡುವ ಪೇಟೆಯವರು ಕೆಲವರು, ಉಳಿದವರು ನಮ್ಮ ನಿಮ್ಮಂಥವರು. ಪೇಟೆಯವರು ಇಂಜಿನಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬರ್ತಾರೆ, ಯಾರ ಮುಖವನ್ನೂ ನೋಡದೆ ಗೋಡೆ ಕುಟ್ಟಿ ನೋಡ್ತಾರೆ. ನಮ್ಮವರು ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಹೇಳಿ ಎದ್ದು ಬರ್ತಾರೆ.

ಇದೇ ನಮ್ಮವರು ಒಂದು ಎತ್ತು ಕೊಳ್ಳಬೇಕಾದರೆ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ. ನಮ್ಮ ಕಾಫಿ ಕೊಳ್ಳುವ ವ್ಯಾಪಾರಿ ಐವತ್ತು ಕೆ.ಜಿ. ಚೀಲಕ್ಕೆ ತೇವ ನೋಡ್ತಾನೆ, ಔಟ್‌ಟರ್ನ್ ನೋಡ್ತಾನೆ. ಅದರಿಂದ ನಮಗೆ ಬೇಜಾರೂ ಇಲ್ಲ, ಅದು ವ್ಯಾಪಾರದ ರೀತಿ ಅಂತ ಒಪ್ಪಿಕೊಂಡಿದ್ದೇವೆ. ಹದಿನೈದು ಇಪ್ಪತ್ತು ವರ್ಷದ ಉಳಿತಾಯ ಸುರಿದು ಮನೆ ಕೊಳ್ಳುವಾಗ ಮಾತ್ರ ದಾಕ್ಷಿಣ್ಯ ಬಂದು ಅಡ್ಡ ಕೂರುತ್ತದೆ. ಮಾರುವವರು ಸಂಬಂಧಿಕರಾದರೆ ಕೇಳುವುದೇ ಬೇಡ.

ನಮ್ಮ ಕಡೆಯ ಒಬ್ಬರು ತಮ್ಮ ಷಡ್ಡಕನ ಮನೆ ಕೊಂಡರು. ಹೆಸರು ಬೇಡ. ಮಾರ್ಚ್ ತಿಂಗಳು, ಹೊಸದಾಗಿ ಸುಣ್ಣ ಬಣ್ಣ ಆಗಿತ್ತು. ಅಟ್ಟ ಹತ್ತಿ ನೋಡೋಣ ಎಂದರೆ, "ಬೇಡ ಬಿಡಿ ಮಾರಾಯ್ರೆ, ಸಂಬಂಧದಲ್ಲಿ ಅನುಮಾನ ಪಟ್ಟ ಹಾಗಾಗ್ತದೆ" ಅಂದರು. ಆರಿದ್ರಾ ಮಳೆ ಹಿಡಿದ ವಾರದಲ್ಲೇ ಅಡುಗೆಮನೆ ಮೇಲಿನ ಎರಡು ಪಕಾಸು ಮುರಿದು ಹಂಚು ಕೆಳಗೆ ಬಂತು. ಪುಣ್ಯಕ್ಕೆ ರಾತ್ರಿ ಹೊತ್ತು, ಒಲೆ ಮುಂದೆ ಯಾರೂ ಇರಲಿಲ್ಲ. ಮಾರಿದವರು "ನಾವಿದ್ದಾಗ ಹೀಗಿರಲಿಲ್ಲ" ಅಂದರು. ಕೊಂಡವರು "ಗೊತ್ತಿದ್ದೂ ಹೇಳಲಿಲ್ಲ" ಅಂದರು. ಮಾಡು ರಿಪೇರಿ ಆಯಿತು, ಸಂಬಂಧ ರಿಪೇರಿ ಆಗಲಿಲ್ಲ. ಈಗ ತಾಯಿ ಮನೆಯ ತಿಥಿಗೆ ಅಕ್ಕ ಬಂದರೆ ತಂಗಿ ಬರೋದಿಲ್ಲ. ಮೊದಲೇ ಅಟ್ಟ ಹತ್ತಿ ಬಾಯಿಬಿಟ್ಟು ಮಾತಾಡಿಕೊಂಡಿದ್ದರೆ ಉಳಿಯುತ್ತಿದ್ದದ್ದು ದುಡ್ಡು ಮಾತ್ರ ಅಲ್ಲ.

ಮೊದಲನೆಯದಾಗಿ, ಯಾವಾಗ ನೋಡಬೇಕು? ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಮನೆ ವ್ಯಾಪಾರ ಕುದುರುವುದೂ ಆಗಲೇ. ಆ ತಿಂಗಳಲ್ಲಿ ಮಲೆನಾಡಿನ ಯಾವ ಮನೆಯೂ ಸೋರುವುದಿಲ್ಲ, ಯಾವ ಗೋಡೆಯೂ ಒದ್ದೆ ಇರುವುದಿಲ್ಲ. ಹಾಗೆಯೇ ಜುಲೈಯಲ್ಲಿ ಹೋಗಿ ನೋಡಿದರೆ ಯಾವ ಮನೆಗೂ ನೀರಿನ ತೊಂದರೆ ಇಲ್ಲ, ಹಿತ್ತಲಲ್ಲೆಲ್ಲ ಅಬ್ಬಿ ನೀರು. ಅದಕ್ಕೇ ನಾವು ಹೇಳುವುದು, ಮಾಡು ನೋಡಲಿಕ್ಕೆ ಮಳೆಗಾಲದಲ್ಲಿ ಹೋಗಿ, ನೀರು ನೋಡಲಿಕ್ಕೆ ಏಪ್ರಿಲ್ ಕೊನೆಗೆ ಹೋಗಿ. ಒಂದೇ ಸಲ ನೋಡಿ ಮುಗಿಸುವ ಮನೆ ನಮ್ಮ ಸೀಮೆಯಲ್ಲಿ ಇಲ್ಲ.

ಮಾಡಿನ ಮೇಲೆ ಬೀಳುವ ನೀರಿನ ಲೆಕ್ಕ ಒಮ್ಮೆ ಹಾಕಿ. ಎಸ್ಟೇಟಿನವರು ಮಳೆಯನ್ನು ಈಗಲೂ ಇಂಚಿನಲ್ಲೇ ಬರೆದಿಡುತ್ತಾರೆ. ಸಾವಿರ ಚದರಡಿ ಜಾಗ ಮುಚ್ಚುವ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 2,360 ಲೀಟರ್ ನೀರು. ನೂರು ಇಂಚು ಆದರೆ 2 ಲಕ್ಷ 36 ಸಾವಿರ ಲೀಟರ್. ಇಷ್ಟು ನೀರು ಒಂದು ಸಣ್ಣ ಬಿರುಕು ಸಿಕ್ಕರೂ ಒಳಗೆ ಬರ್ತದೆ. ಪೇಟೆಯ ಪುಸ್ತಕದಲ್ಲಿ ಬರೆದ ಮನೆಯ ಬುದ್ಧಿವಾದ ಇಲ್ಲಿಗೆ ಪೂರ್ತಿ ಒಗ್ಗದೆ ಇರುವುದು ಇದೇ ಕಾರಣಕ್ಕೆ.

ಮಾಡು ನೋಡುವ ರೀತಿ ಹೀಗೆ. ಮೊದಲು ಅಂಗಳದ ತುದಿಗೆ ಹೋಗಿ ನಿಂತು ನೆತ್ತಿಯ ಗೆರೆ ನೋಡಿ. ನಡುವೆ ಬಾಗಿದ್ದರೆ ತೊಲೆಯೋ ಪಕಾಸೋ ಸೋತಿದೆ. ಆಮೇಲೆ ಹಗಲು ಹೊತ್ತಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ, ಕಣ್ಣು ಹೊಂದಿಕೊಳ್ಳುವ ತನಕ ಎರಡು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಬೆಳಕು ಬರುವ ತೂತುಗಳು ನಕ್ಷತ್ರದ ಹಾಗೆ ಕಾಣ್ತವೆ. ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡಿನ ದೋಣಿ ಹಾಕಿರ್ತಾರಲ್ಲ, ಅದರ ಕೆಳಗಿನ ಮರವನ್ನು ಮುಟ್ಟಿ ನೋಡಿ. ನೂರರಲ್ಲಿ ಎಂಬತ್ತು ಮನೆ ಸೋರುವುದು ಅಲ್ಲೇ ಅಂತ ನಮ್ಮ ಅಂದಾಜು. ಮರದ ಮೇಲೆ ಕಪ್ಪು ಕಲೆ, ಬಿಳಿ ಬೂಷ್ಟು ಇದ್ದರೆ ಬೇಸಿಗೆಯಲ್ಲೂ ಅದು ಮಳೆಗಾಲದ ಕಥೆ ಹೇಳ್ತದೆ. ಒಂದು ಸ್ಕ್ರೂಡ್ರೈವರ್ ಜೇಬಲ್ಲಿರಲಿ. ಪಕಾಸಿನ ತುದಿಯಲ್ಲಿ, ಗೋಡೆ ಮೇಲೆ ಕೂತ ಜಾಗದಲ್ಲಿ ಒತ್ತಿ ನೋಡಿ. ಒಳ್ಳೆ ಮರ ಚುಚ್ಚಿಸಿಕೊಳ್ಳುವುದಿಲ್ಲ. ಒರಲೆ, ಅಂದರೆ ಗೆದ್ದಲು ತಿಂದ ಮರಕ್ಕೆ ಬಣ್ಣ ಮಾತ್ರ ಉಳಿದಿರ್ತದೆ, ಕುಟ್ಟಿದರೆ ಟೊಳ್ಳು ಸದ್ದು. ಕೆಳಗೆ ಹಿಟ್ಟಿನ ಹಾಗೆ ಪುಡಿ ಉದುರಿದ್ದರೆ ಅದು ಕುಟ್ಟೆ ಹುಳ. ಗೋಡೆ ಮೇಲೆ ಮಣ್ಣಿನ ಗೆರೆ ಏರಿ ಹೋಗಿದ್ದರೆ ಒರಲೆ ಇನ್ನೂ ಕೆಲಸದಲ್ಲಿದೆ.

ಕೆಲವು ಕಡೆ ತಾರಸಿ ಮನೆಯ ಮೇಲೆ ಮತ್ತೆ ಶೀಟು ಹೊದಿಸಿರ್ತಾರೆ. ಕೇಳಿದರೆ "ಅಡಿಕೆ ಒಣಗಿಸಲಿಕ್ಕೆ" ಅಂತಾರೆ. ಅಡಿಕೆ ಒಣಗಿಸುವುದೂ ಸುಳ್ಳಲ್ಲ. ಆದರೂ ಶೀಟು ಯಾವ ವರ್ಷ ಹಾಕಿದರು, ತಾರಸಿ ಯಾವ ವರ್ಷದ್ದು ಅಂತ ವಿಚಾರಿಸಿ, ಕೆಳಗೆ ಬಂದು ಸೂರು ನೋಡಿ. ಗಾರೆ ಉದುರಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಣ್ತಾ ಇದ್ದರೆ ಅದು ಮೇಲೆ ಮೇಲೆ ಗಾರೆ ಸವರಿ ಮುಗಿಯುವ ಕೆಲಸವಲ್ಲ. ಅಂಥ ಮನೆಗೆ ಇಂಜಿನಿಯರನ್ನೇ ಕರೆಸಿ, ಅವರ ಫೀಸಿಗೆ ಹಿಂದೆ ಮುಂದೆ ನೋಡಬೇಡಿ.

ಗೋಡೆ ವಿಚಾರ. ನಮ್ಮ ಹಳೆ ಮನೆಗಳು ಮಣ್ಣಿನ ಗೋಡೆಯವು, ಇಲ್ಲ ಜಂಬಿಟ್ಟಿಗೆಯವು. ಮಣ್ಣಿನ ಗೋಡೆ ಅಂತ ಹೆದರಬೇಕಿಲ್ಲ, ಮಾಡು ಮತ್ತು ಅಡಿ ಎರಡೂ ಒಣಗಿದ್ದರೆ ಅದು ನಮಗಿಂತ ಹೆಚ್ಚು ವರ್ಷ ಬಾಳ್ತದೆ. ಹೆದರಬೇಕಾದದ್ದು ಮಣ್ಣಿನ ಗೋಡೆಗೆ ಚೆಂದಕ್ಕೆ ಸಿಮೆಂಟು ಗಾರೆ ಬಳಿದಿದ್ದರೆ. ಒಳಗೆ ಹೊಕ್ಕ ನೀರಿಗೆ ಹೊರಗೆ ಬರಲಿಕ್ಕೆ ದಾರಿ ಇಲ್ಲದೆ ಗೋಡೆ ಒಳಗಿಂದಲೇ ಮೆತ್ತಗಾಗ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದ ತನಕ ಬಡಿದು ನೋಡಿ. ಬಿರುಕು ಇದ್ದರೆ ಕೂದಲೆಳೆಯಂಥದ್ದಕ್ಕೆ ಗಾಬರಿ ಬೇಡ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋದಹಾಗೆ ಅಗಲವಾಗುವ ಬಿರುಕು ಮಾತ್ರ ಅಡಿಪಾಯ ಕೂತದ್ದರ ಗುರುತು. ಬಿರುಕು ಹಳೆಯದೋ ಇನ್ನೂ ಬೆಳೀತಾ ಇದೆಯೋ ಅಂತ ತಿಳಿಯಲಿಕ್ಕೆ ಮೇಸ್ತ್ರಿಗಳು ಅದರ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ತುಂಡು ಅಂಟಿಸಿ ತಾರೀಕು ಬರೆದು ಬಿಡ್ತಾರೆ. ಒಂದು ಮಳೆಗಾಲ ಕಳೆದ ಮೇಲೂ ಗಾಜು ಒಡೆಯದಿದ್ದರೆ ಬಿರುಕು ಸುಮ್ಮನಿದೆ ಅಂತ ತಿಳಿಯಬಹುದು.

ಇನ್ನು ಧರೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು.

2019ರ ಆಗಸ್ಟಿನ ಆಶ್ಲೇಷ ಮಳೆ ಇಲ್ಲಿರುವ ಯಾರಿಗೂ ಮರೆತಿಲ್ಲ. ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜರಿದು ಮನೆ, ತೋಟ ಎಲ್ಲ ಹೋಯಿತು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ ಕೊಡಗಿಗೆ ಹಾಗೇ ಆಗಿತ್ತು. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಕೆಳಗೆ ಬಂತು, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಊರಿಗೆ ಊರೇ ಹೋಯಿತು. ಎಲ್ಲ ಕಡೆಯ ಕಾರಣ ಒಂದೇ ಅಲ್ಲ, ಮಳೆಯೇ ವಿಪರೀತ ಬಂದದ್ದು ಉಂಟು. ಆದರೆ ನಮ್ಮ ಕೈಯಲ್ಲಿದ್ದದ್ದು ಒಂದಿದೆ. ಹಿಂದೆ ಹಾರೆ ಪಿಕಾಸಿಯಲ್ಲಿ ಮನೆ ತಳ ಮಾಡುವಾಗ ಬೇಕಾದಷ್ಟೇ ಕಡೀತಿದ್ದರು, ಧರೆಗೆ ಒಂದು ಓರೆ ಇರ್ತಿತ್ತು. ಜೆಸಿಬಿ ಬಂದ ಮೇಲೆ ಒಂದೇ ದಿನಕ್ಕೆ ಇಪ್ಪತ್ತಡಿ ಧರೆ ಗೋಡೆಯ ಹಾಗೆ ನೆಟ್ಟಗೆ ನಿಲ್ತದೆ. ಅದರ ಬುಡದಲ್ಲೇ ಅಡುಗೆಮನೆ.

ಮನೆ ನೋಡಲು ಹೋದಾಗ ಮುಂಬಾಗಿಲಿಂದ ಒಳಗೆ ಹೋಗುವ ಮೊದಲು ಹಿಂದಕ್ಕೆ ಹೋಗಿ ಧರೆ ನೋಡಿ. ಮನೆ ಗೋಡೆಗೂ ಧರೆ ಬುಡಕ್ಕೂ ಎಷ್ಟು ದೂರ ಇದೆ? ಧರೆಯ ಮೇಲಕ್ಕೆ ಹತ್ತಿ ಹೋಗಿ, ಅಲ್ಲಿ ನೆಲದಲ್ಲಿ ಅಡ್ಡ ಬಿರುಕು ಇದೆಯೇ? ಮೇಲಿನ ಮರಗಳು ಬುಡದಲ್ಲಿ ಕೆಳಕ್ಕೆ ಬಾಗಿ ಆಮೇಲೆ ನೆಟ್ಟಗೆ ಎದ್ದಿವೆಯೇ? ಹಾಗಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತ ಇದೆ. ಮೇಲಿನ ತೋಟದ ನೀರು ಎಲ್ಲಿಗೆ ಹೋಗ್ತದೆ? ಧರೆಯ ಮೇಲ್ಗಡೆ ನೀರು ತಿರುಗಿಸುವ ಕಾಲುವೆ ತೆಗೆದಿದ್ದಾರೋ, ಅಥವಾ ನೀರೆಲ್ಲ ಧರೆ ಮೇಲೇ ಇಳೀತದೋ? ಮಳೆಗಾಲದಲ್ಲಿ ಧರೆಯ ಮೈಯಲ್ಲಿ ಜಲ ಒಡೀತದೆಯೇ, ಆ ನೀರು ತಿಳಿಯೋ ಕೆಂಪೋ? ಕಲ್ಲಿನ ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಬಸಿಯಲಿಕ್ಕೆ ತೂತುಗಳಿವೆಯೇ? ತೂತಿಲ್ಲದ ತಡೆಗೋಡೆ ಹಿಂದೆ ನೀರು ಕಟ್ಟಿಕೊಂಡರೆ ಗೋಡೆ ಸಮೇತ ಬರ್ತದೆ.

ಈ ಪ್ರಶ್ನೆಗಳನ್ನು ಮನೆಯವರ ಹತ್ತಿರ ಕೇಳಿದರೆ ಸಾಲದು. ಹತ್ತಿರದ ಲೈನ್ ಮನೆಗಳಲ್ಲಿ ಇರುವ ಕೆಲಸದವರನ್ನು ಕೇಳಿ. ಆ ಮನೆ ಹಿಂದೆ ಬಿದ್ದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದವರು ಅವರೇ ಆಗಿರ್ತಾರೆ. ಯಾವ ವರ್ಷ, ಎಷ್ಟು ಬುಟ್ಟಿ ಅಂತ ಅವರಿಗೆ ನೆನಪಿರ್ತದೆ.

ಮಾಡಿಗೆ ಬೆಲೆ ಕಟ್ಟಬಹುದು, ವೈರಿಂಗಿಗೆ ಬೆಲೆ ಕಟ್ಟಬಹುದು. ಜಾರುವ ಧರೆಗೆ ಬೆಲೆ ಕಟ್ಟಲಿಕ್ಕೆ ನಮಗೆ ಬರುವುದಿಲ್ಲ. ಎರಡು ಲಕ್ಷ ಕಡಿಮೆ ಮಾಡ್ತೀವಿ ಅಂದರೂ ಅಂಥ ಮನೆಗೆ ಸಾಲ ಶಿಫಾರಸು ಮಾಡಲು ನಾವು ಒಪ್ಪಿದ್ದಿಲ್ಲ. ಇದರಿಂದ ಬೇಜಾರಾದವರು ಈ ಸಭೆಯಲ್ಲೂ ಇದ್ದಾರೆ, ಗೊತ್ತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ಪರಿಹಾರ ಅಂತ ಘೋಷಣೆ ಮಾಡಿತು. ಅದು ಮನೆಗೆ. ರಾತ್ರಿ ಎರಡು ಗಂಟೆಗೆ ಮಕ್ಕಳು ಮಲಗಿದ್ದಾಗ ಮಣ್ಣು ಬಂದರೆ ಏನು ಮಾಡೋದು?

ಉಳಿದ ವಿಷಯ ಬೇಗ ಹೇಳಿಬಿಡ್ತೇವೆ. ನೀರು ಎಲ್ಲಿಂದ ಬರ್ತದೆ ಅಂತ ಪೈಪು ಹಿಡಿದು ಮೂಲದ ತನಕ ನಡೆದು ಹೋಗಿ. ಮೇಲಿನವರ ತೋಟದ ಅಬ್ಬಿಯಿಂದ ಬರುವುದಾದರೆ ಅವರ ಒಪ್ಪಿಗೆ ಬಾಯಿಮಾತೋ ಬರಹವೋ? ಹಳೆ ಯಜಮಾನರ ಮೇಲಿನ ಪ್ರೀತಿಗೆ ಬಿಟ್ಟ ನೀರು ಹೊಸಬರಿಗೆ ಬರಲೇಬೇಕು ಅಂತ ಇಲ್ಲ. ಓಡಾಡುವ ದಾರಿಯದೂ ಹಾಗೇ. ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ, ನೀರಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಆಧಾರ ಉಂಟು, ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದಕ್ಕೆ ಮತ್ತೆ ವರ್ಷಗಳು ಬೇಕು. ಮೇಲಿನವರಿಂದ ಒಂದು ಕಾಗದ ಮೊದಲೇ ಬರೆಸಿಕೊಳ್ಳುವುದು ಸುಲಭ. ಬಾವಿ ಇದ್ದರೆ ಶೌಚದ ಗುಂಡಿ ಅದಕ್ಕಿಂತ ಐವತ್ತು ಅರವತ್ತು ಅಡಿ ದೂರ, ಕೆಳಗಿನ ಮಗ್ಗುಲಲ್ಲಿ ಇರಬೇಕು. ಕರೆಂಟಿಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಅಳೆಸಿ. ಏಪ್ರಿಲ್ ಮೇ ಸಿಡಿಲಿಗೆ ನಮ್ಮಲ್ಲಿ ಮೀಟರ್ ಬೋರ್ಡು ಸುಟ್ಟ ಮನೆಗಳು ಎಷ್ಟು! ಮೆಸ್ಕಾಂ ಬಿಲ್ಲಿನ ಬಾಕಿ ಎಷ್ಟು ಅಂತ ಆರ್.ಆರ್. ನಂಬರ್ ಹಿಡಿದು ಕೇಳಿ. ಮಳೆಗಾಲದಲ್ಲಿ ದಾರಿ ಹೇಗೆ ಎಂಬುದನ್ನೂ ನೋಡಬೇಕು. ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿಗೆ ದಾರಿ ಕಟ್ಟಾದ ದಿನಗಳನ್ನು ನಾವೆಲ್ಲ ಕಂಡವರು. ಮನೆಯಲ್ಲಿ ಬಸುರಿ ಬಾಣಂತಿ ಇದ್ದರೆ, ವಯಸ್ಸಾದವರಿದ್ದರೆ, ಇದು ಮಾಡಿಗಿಂತ ದೊಡ್ಡ ವಿಷಯ.

ಕಾಗದ ಪತ್ರದ ಬಗ್ಗೆ ವಕೀಲರು ಬೇರೆ ದಿನ ಮಾತಾಡುವವರಿದ್ದಾರೆ. ಇ-ಸ್ವತ್ತಿನ ನಮೂನೆ 9 ಮತ್ತು 11, ಪಹಣಿ, ಋಣಭಾರ ಪತ್ರ, ಎಲ್ಲ ಸಹಕಾರಿ ಸಂಘ, ಬ್ಯಾಂಕುಗಳಿಂದ ಬೇಬಾಕಿ ಪತ್ರ, ಇಷ್ಟು ಬೇಕೇಬೇಕು. ನಾವು ಒಂದೇ ಮಾತು ಸೇರಿಸ್ತೇವೆ. ಹದ್ದುಬಸ್ತು ಮಾಡಿಸದೆ ಮುಂದುವರಿಯಬೇಡಿ. ಮನೆ ಪಟ್ಟಾ ಜಾಗದಲ್ಲಿ, ಬಚ್ಚಲು ಕೊಟ್ಟಿಗೆ ಒತ್ತುವರಿಯಲ್ಲಿ ಇರುವಂಥವು ನಮ್ಮಲ್ಲಿ ಕಡಿಮೆ ಏನಿಲ್ಲ. 94ಸಿ ಹಕ್ಕುಪತ್ರದ ಮನೆಯಾದರೆ ಪರಭಾರೆ ಬಗ್ಗೆ ಪತ್ರದಲ್ಲಿರುವ ಷರತ್ತನ್ನು ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ಊರ್ಜಿತವಲ್ಲ.

ಮನೆಯ ಕುಂದಿನ ಬಗ್ಗೆ ಕಾನೂನು ಏನು ಹೇಳ್ತದೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಇದ್ದರೆ ಮಾರುವವನು ಅದನ್ನು ತಾನಾಗಿ ಹೇಳಬೇಕು. ಹೋದ ವರ್ಷ ಧರೆ ಬಿದ್ದು ಮಣ್ಣು ತೆಗೆಸಿ ಗಿಡ ನೆಟ್ಟಿದ್ದಾನೆ, ನೆಲದಡಿ ಜಲ ಒಡೆಯುವ ಜಾಗಕ್ಕೆ ಟೈಲ್ಸ್ ಹಾಕಿ ಮುಚ್ಚಿದ್ದಾನೆ ಎಂದರೆ ಅದು ಹೇಳಲೇಬೇಕಾದ ದೋಷ. ಆದರೆ ಅಂಗಳದಲ್ಲಿ ನಿಂತರೆ ಕಾಣುವ ಬಾಗಿದ ಮಾಡಿನ ವಿಷಯದಲ್ಲಿ "ನನಗೆ ಹೇಳಲಿಲ್ಲ" ಅಂತ ವಾದ ಹೂಡಿದರೆ ನಡೆಯುವುದು ಕಷ್ಟ. ನೋಡಬೇಕಾದವನು ನೋಡಲೇಬೇಕು ಅಂತ ಕಾನೂನೇ ಹೇಳುತ್ತಿದೆ. ಅಂದಮೇಲೆ ಅಟ್ಟ ಹತ್ತುವುದು ಅನುಮಾನವೂ ಅಲ್ಲ, ಅವಮಾನವೂ ಅಲ್ಲ.

ಅಮೆರಿಕದಲ್ಲಿರುವ ನಮ್ಮ ಮಕ್ಕಳನ್ನು ಕೇಳಿ. ಅಲ್ಲಿ ಮನೆ ಪರೀಕ್ಷೆ ಮಾಡುವುದೇ ಕಸುಬಾಗಿರುವವರು ಇದ್ದಾರೆ. ಸಾಮಾನ್ಯವಾಗಿ ಕರಾರಿನಲ್ಲೇ ಪರೀಕ್ಷೆಗೆ ಇಂತಿಷ್ಟು ದಿನ ಅಂತ ಬರೆದಿರ್ತಾರೆ. ವರದಿ ಬಂದ ಮೇಲೆ ರಿಪೇರಿ ಮಾಡಿಕೊಡಿ ಅನ್ನಬಹುದು, ಬೆಲೆ ಇಳಿಸಿ ಅನ್ನಬಹುದು, ಬೇಡ ಅಂತ ಹಿಂದೆ ಸರಿಯಲೂಬಹುದು. ನಮ್ಮಲ್ಲಿ ಆ ಕಸುಬಿನವರು ಇಲ್ಲ. ಆದರೆ ಒಬ್ಬ ಒಳ್ಳೆ ಮೇಸ್ತ್ರಿ, ಒಬ್ಬ ಮರದ ಕೆಲಸದ ಆಚಾರಿ, ಒಬ್ಬ ಎಲೆಕ್ಟ್ರಿಷಿಯನ್ ಮೂವರಿಗೂ ಒಂದೊಂದು ದಿನದ ಸಂಬಳ ಕೊಟ್ಟು ಕರೆದೊಯ್ದರೆ ಅದೇ ಕೆಲಸ ಆಗ್ತದೆ. ಮಾರುವವರ ಖಾಯಂ ಮೇಸ್ತ್ರಿಯನ್ನು ಕರೆಯಬೇಡಿ, ಬ್ರೋಕರ್ ತೋರಿಸಿದವರನ್ನೂ ಬೇಡ. ಮಕ್ಕಳು ಬೆಂಗಳೂರಿನಲ್ಲಿ ಹೊಸ ಫ್ಲಾಟ್ ಕೊಳ್ಳುವುದಾದರೆ ದಾರಿ ಬೇರೆ. ಅಲ್ಲಿ ರೇರಾ ಅಂತ 2016ರ ಕಾಯ್ದೆ ಇದೆ. ಅದರಡಿ ಬರುವ ಯೋಜನೆಯಾದರೆ, ಮನೆ ವಶಕ್ಕೆ ಬಂದು ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಮೂವತ್ತು ದಿನದಲ್ಲಿ ಕಟ್ಟಿದವರೇ ಖರ್ಚಿಲ್ಲದೆ ಸರಿಮಾಡಿ ಕೊಡಬೇಕು. ನಮ್ಮ ಹಳ್ಳಿಯ ಹಳೆ ಮನೆಗೆ ಆ ರಕ್ಷಣೆ ಇಲ್ಲ. ಇಲ್ಲಿ ನಮ್ಮ ಕಣ್ಣು, ನಮ್ಮ ಕರಾರು ಎರಡೇ.

ಚೌಕಾಸಿಯ ವಿಷಯಕ್ಕೆ ಬರೋಣ. ಮೊದಲ ನಿಯಮ, ಮಾತೆಲ್ಲ ಮುಂಗಡಕ್ಕಿಂತ ಮುಂಚೆ. ಮುಂಗಡ ಕೊಟ್ಟ ಮೇಲೆ ಕೊಳ್ಳುವವನ ಬಾಯಿ ಅರ್ಧ ಮುಚ್ಚಿದ ಹಾಗೆ. ಮೇಸ್ತ್ರಿಯಿಂದ ಕೆಲಸವಾರು ಚೀಟಿ ಬರೆಸಿ. ಉದಾಹರಣೆಗೆ 16 ಲಕ್ಷ ಹೇಳಿದ ಮನೆ. ಮಾಡಿನ ಮರ ಬದಲಿಸಲು 1 ಲಕ್ಷ 20 ಸಾವಿರ, ವೈರಿಂಗಿಗೆ 45 ಸಾವಿರ, ಶೌಚದ ಗುಂಡಿಗೆ 35 ಸಾವಿರ, ಒಟ್ಟು 2 ಲಕ್ಷ ಅಂತ ಚೀಟಿಯಲ್ಲಿದೆ ಅನ್ನಿ. ಅಂಕಿ ಬರೀ ಮಾದರಿಗೆ. ಈ ಎರಡು ಲಕ್ಷವನ್ನೂ ಬಿಡಿ ಅಂತ ಕೇಳುವುದು ನ್ಯಾಯವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಎಂಬತ್ತು ವರ್ಷದ ಮನೆ ಅಂತ ಗೊತ್ತಿದ್ದೇ 16 ಲಕ್ಷದ ಮಾತು ಬಂದದ್ದು. ನೆಲ ಸವೆದಿದೆ, ಬಾಗಿಲು ಕಿರುಗುಟ್ಟುತ್ತದೆ, ಬಣ್ಣ ಹೋಗಿದೆ ಎಂಬುದನ್ನೆಲ್ಲ ಪಟ್ಟಿಗೆ ಸೇರಿಸಿದರೆ ಮಾರುವವರಿಗೆ ಸಿಟ್ಟು ಬರೋದು ಸಹಜ. ವಾಸಕ್ಕೆ ಅಪಾಯ ತರುವಂಥದ್ದು, ಬೆಲೆ ಹೇಳುವಾಗ ಇಬ್ಬರಿಗೂ ಲೆಕ್ಕದಲ್ಲಿ ಇರದಂಥದ್ದು, ಇಷ್ಟನ್ನೇ ಎತ್ತಬೇಕು.

ಕೆಲವರು "ನೀವೇ ರಿಪೇರಿ ಮಾಡಿಸಿ ಕೊಡಿ" ಅಂತಾರೆ. ಅದಕ್ಕಿಂತ ಬೆಲೆ ಇಳಿಸಿಕೊಂಡು ನಾವೇ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿಟ್ಟು ಹೋಗುವ ಮನೆಗೆ ಯಾರು ತಾನೇ ಒಳ್ಳೆ ಮರ ಹಾಕ್ತಾರೆ? ಹಳೆ ಪಕಾಸಿನ ಪಕ್ಕ ಒಂದು ಸಿಲ್ವರ್ ಮರದ ತುಂಡು ಹೊಡೆದು ಕೈತೊಳೆದುಕೊಳ್ಳುವುದನ್ನು ನಾವು ನೋಡಿದ್ದೇವೆ.

ಮಾತಿನ ರೀತಿಗೆ ಒಂದು ಒಳ್ಳೆ ಉದಾಹರಣೆ ಹೇಳ್ತೇವೆ. ಒಬ್ಬ ಮೇಷ್ಟ್ರು ಒಂಟಿ ಅಜ್ಜಿಯೊಬ್ಬರ ಮನೆ ನೋಡಲು ಹೋದಾಗ ನಾವೂ ಜೊತೆಗಿದ್ದೆವು. "ಅಮ್ಮಾ, ಬೇಜಾರು ಮಾಡ್ಕೋಬೇಡಿ, ನಮ್ಮ ಮೇಸ್ತ್ರಿ ಒಂದ್ಸಲ ಅಟ್ಟ ಹತ್ತಿ ಬರ್ಲಾ?" ಅಂದರು ಮೇಷ್ಟ್ರು. ಅಜ್ಜಿ ಎಲೆ ಮಡಿಸುತ್ತಾ, "ಹತ್ಲಿ ಮೇಷ್ಟ್ರೇ, ಯಾಕೆ ಬೇಜಾರು? ಪಡುವಣ ಮೂಲೇಲಿ ಮಾತ್ರ ನೋಡ್ಕೊಂಡು ಕಾಲಿಡಕ್ಕೆ ಹೇಳಿ, ಹಲಗೆ ಮೆತ್ತಗಾಗಿದೆ" ಅಂದರು. ಮೇಸ್ತ್ರಿ ಇಳಿದು ಬಂದು ಎಲ್ಲರ ಎದುರು ಏನೂ ಹೇಳಲಿಲ್ಲ, ಚೀಟಿ ಬರೆದು ಕೊಟ್ಟ. ಮರುದಿನ ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮೇಷ್ಟ್ರು ಆ ಚೀಟಿಯನ್ನೇ ಓದಿ ಹೇಳಿದರು. ಅಜ್ಜಿ ಎಲ್ಲ ಕೇಳಿ, "ಮಾಡಿಂದು ನಿಜ, ಅದಕ್ಕೆ ಬಿಡ್ತೀನಿ. ಬಚ್ಚಲಿಂದು ನಿಮ್ಮ ಶೋಕಿ, ಅದಕ್ಕೆ ಬಿಡಲ್ಲ. ದೀಪಾವಳಿ ತನಕ ನಾನು ಇಲ್ಲೇ ಇರ್ತೀನಿ, ಗೋಪೂಜೆ ಇಲ್ಲೇ ಆಗ್ಬೇಕು" ಅಂದರು. ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಮಾರುವವರಿಗೂ ಬೇಕಾದ್ದು ಏನೋ ಇರ್ತದೆ, ಅದು ಯಾವಾಗಲೂ ದುಡ್ಡೇ ಆಗಿರೋದಿಲ್ಲ. ಅಜ್ಜಿ ಈಗ ಮಗಳ ಮನೆಯಲ್ಲಿದ್ದಾರೆ. ಊರಿಗೆ ಬಂದಾಗ ಉಳಿಯುವುದು ಮೇಷ್ಟ್ರ ಮನೆಯಲ್ಲೇ.

ಒಪ್ಪಿದ ಮಾತೆಲ್ಲ ಕರಾರು ಪತ್ರದಲ್ಲಿ ಬರಬೇಕು. "ಮೇಲ್ಕಂಡ ರಿಪೇರಿಗಾಗಿ ಇಷ್ಟು ರೂಪಾಯಿ ಕಡಿಮೆ ಮಾಡಲಾಗಿದೆ" ಅಂತಲೇ ಬರೆಸಿ, ಚೀಟಿಯ ನಕಲನ್ನು ಲಗತ್ತಿಸಿ. ಕೊಳ್ಳುವವರು ಮುಂದೆ ಅದೇ ವಿಷಯಕ್ಕೆ ಮತ್ತೆ ತಕರಾರು ಎತ್ತದ ಹಾಗೆ ಮಾರುವವರಿಗೂ ಇದು ರಕ್ಷಣೆ. ಯಾವುದಾದರೂ ದೊಡ್ಡ ದೋಷ ಹೊರಬಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸು ಎಂಬುದೂ ಅದರಲ್ಲಿರಲಿ.

ರಿಜಿಸ್ಟ್ರಿ ಯಾವಾಗ? ಮಾರ್ಚಿನಲ್ಲಿ ಕರಾರು ಮಾಡಿಕೊಂಡು, ಮಾರುವವರಿಗೆ ತೀರಾ ಹಣದ ಅವಸರ ಇಲ್ಲದಿದ್ದರೆ, ಕ್ರಯಪತ್ರ ಶ್ರಾವಣದಲ್ಲಿ ಇಟ್ಟುಕೊಳ್ಳಿ. ಆಷಾಢದಲ್ಲಿ ಹೇಗೂ ನಮ್ಮವರು ಶುಭಕಾರ್ಯ ಮಾಡುವುದಿಲ್ಲ. ಆ ಹೊತ್ತಿಗೆ ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆ ಮನೆಯನ್ನು ಪರೀಕ್ಷೆ ಮಾಡಿ ಮುಗಿಸಿರ್ತವೆ. ಕೊಡೆ ಹಿಡಿದು ಎರಡು ಸಲ ಹೋಗಿ ಬನ್ನಿ. ಆ ನಡುವಿನ ತಿಂಗಳಲ್ಲಿ ಮನೆಯನ್ನು ಜೋಪಾನ ಮಾಡುವ ಹೊಣೆ ಕಾನೂನು ಪ್ರಕಾರ ಮಾರುವವರದ್ದು. ಕ್ರಯ ಆದ ಮೇಲೆ ಆಗುವ ನಷ್ಟ ಕೊಂಡವರದ್ದು. ಆದರೂ ಒಡೆದ ಹಂಚು ಬದಲಿಸುವವರು ಯಾರು, ದೋಣಿಯ ಕಸ ತೆಗೆಸುವವರು ಯಾರು, ಬೀಗದ ಕೈ ಯಾರ ಹತ್ತಿರ ಅಂತ ಒಂದು ಸಾಲು ಬರೆದುಕೊಳ್ಳುವುದು ಒಳ್ಳೆಯದು. ಖಾಲಿ ಮನೆ ಒಂದು ಮಳೆಗಾಲದಲ್ಲಿ ಹಾಳಾಗುವಷ್ಟು ಜನ ಇರುವ ಮನೆ ಹತ್ತು ವರ್ಷಕ್ಕೂ ಹಾಳಾಗೋದಿಲ್ಲ.

ಕೊನೆಯದಾಗಿ ಒಂದು ಸಣ್ಣ ವಿಷಯ, ಬಹಳ ಜನ ಮರೆಯುವಂಥದ್ದು. ಹಳೆ ಮನೆಗಳಲ್ಲಿ ಕೊಟ್ಟಿಗೆಯ ಹಿಂದೆಯೋ ಅಟ್ಟದ ಮೂಲೆಯಲ್ಲೋ ನೂರಿನ್ನೂರು ಹಂಚು ಪೇರಿಸಿಟ್ಟಿರ್ತಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಮುಚ್ಚಿದವು. ಒಂದರ ಅಚ್ಚಿನ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಕೂರದ ಕಡೆ ನೀರು ಇಳೀತದೆ. ಆ ಪೇರಿಸಿಟ್ಟ ಹಂಚುಗಳನ್ನು ಎಣಿಸಿ, ಇಷ್ಟು ಅಂತ ಕರಾರಿನಲ್ಲಿ ಸೇರಿಸಿ. ಮನೆ ಬಿಡುವ ದಿನ ಯಾರೋ ಗಾಡಿ ತಂದು ತುಂಬಿಕೊಂಡು ಹೋದರೆ ಆಮೇಲೆ ಅಂಥ ಹಂಚಿಗಾಗಿ ಊರೂರು ಸುತ್ತಬೇಕಾಗ್ತದೆ.

ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲೇ ಕೇಳಿ, ನಾವು ಇಲ್ಲೇ ಇರ್ತೇವೆ.